ಯುದ್ಧಕೋಣೆಯ ಪರದೆ: ಮೆಚ್ಚುವವರು ನಿಂತವರು, ದುಡಿಯುವವರು ಕೂತವರು

ಮಾನ್ಯರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಸೇನಾ ನಿಯಂತ್ರಣ ಕೊಠಡಿಗಳ ಬಗ್ಗೆ ಬಂದ ಬರಹ ಓದಿದೆ. ಗೋಡೆ ತುಂಬ ಪರದೆ, ಮೂರು ಆಯಾಮದಲ್ಲಿ ತಿರುಗುವ ಭೂಪಟ, ಬೆರಳಾಡಿಸಿದರೆ ಹಿಗ್ಗಿ ಕುಗ್ಗುವ ಸಮುದ್ರ. ವರದಿಗಾರರು ಬೆರಗಾದದ್ದು ಸಹಜ, ಮೊದಲ ಸಲ ನೋಡಿದವರೆಲ್ಲ ಬೆರಗಾಗುತ್ತಾರೆ. ಆದರೆ ಇಡೀ ಬರಹದಲ್ಲಿ ಕನ್ಸೋಲ್ (ಪರದೆ, ಗುಂಡಿಗಳಿರುವ ಮೇಜು) ಮುಂದೆ ಕೂರುವ ಆಪರೇಟರ್ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಆ ಕುರ್ಚಿಯಲ್ಲಿ ಬಹಳ ವರ್ಷ ಕೂತವನು ನಾನು. ಕೊನೆಯ ಕೆಲವು ವರ್ಷ ಹೊಸ ಪರದೆಗಳನ್ನು ಪರೀಕ್ಷಿಸುವ ತಂಡದಲ್ಲೂ ಇದ್ದೆ. ಅದಕ್ಕೇ ಈ ಪತ್ರ. ಉದ್ದವಾಯಿತೆಂದು ಕತ್ತರಿಸುವುದಾದರೆ ಈ ಮೊದಲ ಪ್ಯಾರಾ ತೆಗೆಯಿರಿ, ‘ವಿನ್ಸೆನ್ಸ್’ ಹಡಗಿನ ಭಾಗ ಮಾತ್ರ ಬಿಡಬೇಡಿ.

ನಾನು ಕೆಲಸಕ್ಕೆ ಸೇರಿದಾಗ ರಡಾರ್ ಕೋಣೆಯಲ್ಲಿ ಬಣ್ಣದ ಚಿತ್ರಗಳಿರಲಿಲ್ಲ. ಕತ್ತಲೆ, ದುಂಡನೆಯ ಸ್ಕೋಪು, ಅದರ ಮೇಲೆ ಸುತ್ತುವ ಗೆರೆ, ಗೆರೆ ದಾಟಿದ ಮೇಲೆ ನಿಧಾನವಾಗಿ ಮಾಸುವ ಚುಕ್ಕೆ. ನಡುವೆ ಪಾರದರ್ಶಕ ಪರ್ಸ್ಪೆಕ್ಸ್ ಹಲಗೆ. ಪ್ಲಾಟರ್ ಆದವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಲಗೆಯ ಹಿಂದೆ ನಿಂತು, ಮೇಣದ ಪೆನ್ಸಿಲಿನಲ್ಲಿ ಅಂಕಿಗಳನ್ನು ಕನ್ನಡಿಯ ಬರಹದ ಹಾಗೆ ತಿರುವುಮುರುವಾಗಿ ಬರೆಯಬೇಕಿತ್ತು. ಎದುರು ಕೂತ ಅಧಿಕಾರಿಗೆ ಅದು ನೆಟ್ಟಗೆ ಕಾಣುತ್ತಿತ್ತು. ನಮ್ಮಲ್ಲಿ ಒಬ್ಬ ಹಿರಿಯ ಪ್ಲಾಟರ್ ವಿಮಾನದ ಎತ್ತರದ ಅಂಕಿಯ ಪಕ್ಕ ತಪ್ಪದೆ ಒಂದು ಪುಟ್ಟ ಬಾಣ ಹಾಕುತ್ತಿದ್ದರು. ಏರುತ್ತಿದ್ದರೆ ಮೇಲ್ಮುಖ, ಇಳಿಯುತ್ತಿದ್ದರೆ ಕೆಳಮುಖ. ನಿಯಮದ ಪುಸ್ತಕದಲ್ಲಿ ಅದಿರಲಿಲ್ಲ. ‘ಸಾಹೇಬರು ಹೇಗೂ ಅದನ್ನೇ ಕೇಳ್ತಾರೆ, ಕೇಳೋ ಮೊದಲೇ ಬರೆದುಬಿಟ್ರೆ ನನಗೂ ಒಂದು ಮಾತು ಉಳಿಯುತ್ತೆ’ ಎನ್ನುತ್ತಿದ್ದರು. ಪರದೆ ವಿನ್ಯಾಸದ ಬಗ್ಗೆ ಆಮೇಲೆ ಎಷ್ಟೋ ತರಬೇತಿಗಳಲ್ಲಿ ಕೂತಿದ್ದೇನೆ, ಇದಕ್ಕಿಂತ ಉಪಯುಕ್ತವಾದ ಮಾತು ಕೇಳಿದ್ದು ಕಡಿಮೆ.

ಈಗ ವಿನ್ಸೆನ್ಸ್. 1988ರ ಜುಲೈ 3ರಂದು ಇರಾನ್ ಏರ್‌ನ ಎ300 ವಿಮಾನ, ಫ್ಲೈಟ್ 655, ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿತು. ಆ ಹೊತ್ತಿಗೆ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಸಣ್ಣ ದೋಣಿಗಳ ಜೊತೆ ಗುಂಡಿನ ಕಾಳಗದಲ್ಲಿತ್ತು. ಹಡಗಿನಲ್ಲಿದ್ದದ್ದು ರಡಾರ್, ಕಂಪ್ಯೂಟರ್, ಕ್ಷಿಪಣಿಗಳನ್ನು ಒಂದಾಗಿ ಜೋಡಿಸಿದ ಈಜಿಸ್ ವ್ಯವಸ್ಥೆ, ಆ ಕಾಲಕ್ಕೆ ಸಮುದ್ರದ ಮೇಲೆ ಅದಕ್ಕಿಂತ ಚುರುಕಾದದ್ದು ಇನ್ನೊಂದಿರಲಿಲ್ಲ. ವಿಮಾನ ನೆಲ ಬಿಟ್ಟು ಸುಮಾರು ಏಳು ನಿಮಿಷದಲ್ಲಿ ಹಡಗಿನಿಂದ ಹೊರಟ ಎರಡು ಕ್ಷಿಪಣಿಗಳು ಅದನ್ನು ಹೊಡೆದುರುಳಿಸಿದವು. 290 ಮಂದಿ ಸತ್ತರು, ಅವರಲ್ಲಿ 66 ಮಕ್ಕಳು.

ಹಡಗಿನ ಸಿಬ್ಬಂದಿ ಅದನ್ನು ದಾಳಿಗೆ ಬರುತ್ತಿರುವ ಎಫ್-14 ಯುದ್ಧವಿಮಾನ ಎಂದುಕೊಂಡಿದ್ದರು. ವಿಮಾನ ತಮ್ಮತ್ತ ಇಳಿಯುತ್ತಿದೆ ಎಂದು ಕೋಣೆಯಲ್ಲಿ ಕೂಗಿ ಹೇಳಿದವರೂ ಇದ್ದರು. ಆಮೇಲೆ ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರೆ ವಿಮಾನ ಏರುತ್ತಲೇ ಇತ್ತು. ಪ್ರಯಾಣಿಕ ವಿಮಾನಕ್ಕೆ ಸಲ್ಲುವ ಗುರುತು ಸಂಕೇತವನ್ನೂ ಕಳಿಸುತ್ತಿತ್ತು. ರಡಾರ್ ಸುಳ್ಳು ಹೇಳಿರಲಿಲ್ಲ, ಯಂತ್ರವೂ ಕೈಕೊಟ್ಟಿರಲಿಲ್ಲ. ಸರಿಯಾದ ಅಂಕಿ ಯಂತ್ರದೊಳಗೇ ಇತ್ತು, ತೀರ್ಮಾನ ಮಾಡುವವನ ತಲೆಗೆ ಮಾತ್ರ ಅದು ಹೋಗಲಿಲ್ಲ.

ಏಕೆ ಹೋಗಲಿಲ್ಲ ಎಂಬುದು ನಮ್ಮಂಥವರಿಗೆ ಮುಖ್ಯ. ಕ್ಯಾಪ್ಟನ್ ನೋಡುತ್ತಿದ್ದ ದೊಡ್ಡ ಪರದೆಯಲ್ಲಿ ವಿಮಾನ ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಎಂಬುದೆಲ್ಲ ಇತ್ತು, ಎತ್ತರ ಇರಲಿಲ್ಲ. ಎತ್ತರ ಬೇಕಾದರೆ ಪಕ್ಕದ ಚಿಕ್ಕ ಪರದೆಯಲ್ಲಿ ಅಂಕಿ ಓದಬೇಕು. ಅಲ್ಲಿಯೂ ಆ ಕ್ಷಣದ ಎತ್ತರ ಮಾತ್ರ. ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಬೇಕಾದರೆ ಒಂದು ಸಲ ಓದಿ, ನೆನಪಿಟ್ಟುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಓದಿ, ಮನಸ್ಸಿನಲ್ಲೇ ಕಳೆಯಬೇಕು. ಹೊರಗೆ ಗುಂಡು ಹಾರುತ್ತಿದೆ, ಹಡಗು ವಾಲಿಕೊಂಡು ತಿರುಗುತ್ತಿದೆ, ಕಿವಿಯಲ್ಲಿ ನಾಲ್ಕಾರು ದನಿ. ಅಂಥ ಹೊತ್ತಿನಲ್ಲಿ ಯಾರಿಂದ ಈ ಲೆಕ್ಕ ಮಾಡಿಸುವುದು? ನಮ್ಮ ಪ್ಲಾಟರ್ ಮೇಣದ ಪೆನ್ಸಿಲಿನಿಂದ ಹಾಕುತ್ತಿದ್ದ ಬಾಣ ಕೋಟ್ಯಂತರ ಡಾಲರಿನ ಆ ವ್ಯವಸ್ಥೆಯ ಪರದೆಯಲ್ಲಿ ಇರಲಿಲ್ಲ.

ಇನ್ನೊಂದು ಸೂಕ್ಷ್ಮ. ವಿಮಾನಕ್ಕೆ ಮೊದಲು ಕೊಟ್ಟ ಟ್ರ್ಯಾಕ್ ಸಂಖ್ಯೆ (ಪರದೆಯ ಮೇಲಿನ ಪ್ರತಿ ಗುರುತಿಗೆ ಕೊಡುವ ಅಂಕಿ) 4474. ಪಕ್ಕದ ಹಡಗೂ ಅದೇ ವಿಮಾನವನ್ನು ಗುರುತಿಸಿ 4131 ಎಂದು ಕರೆದಿತ್ತು. ಎರಡೂ ಒಂದೇ ಎಂದು ತಿಳಿದ ವ್ಯವಸ್ಥೆ ತನ್ನಷ್ಟಕ್ಕೆ 4131ನ್ನು ಉಳಿಸಿಕೊಂಡಿತು. ಖಾಲಿಯಾದ 4474 ಎಂಬ ಸಂಖ್ಯೆ ದೂರದಲ್ಲಿದ್ದ ಬೇರೊಂದು ವಿಮಾನಕ್ಕೆ ಹೋಯಿತು, ಅದು ಅಮೆರಿಕದ್ದೇ ವಿಮಾನ, ಇಳಿಯುತ್ತಿತ್ತು. ಆ ಗದ್ದಲದಲ್ಲಿ ಹಳೆಯ ಸಂಖ್ಯೆ ಹಿಡಿದು ಕೇಳಿದವರಿಗೆ ಆ ಇನ್ನೊಂದು ವಿಮಾನದ ಎತ್ತರ ಉತ್ತರವಾಗಿ ಬಂದಿರಬಹುದು ಎಂದು ಆಮೇಲೆ ಅಧ್ಯಯನ ಮಾಡಿದ ಹಲವರು ಬರೆದಿದ್ದಾರೆ. ಸಂಖ್ಯೆ ಬದಲಾದದ್ದನ್ನು ಬಾಯಿಬಿಟ್ಟು ಹೇಳುವ ಕೆಲಸ ಪರದೆಯದಾಗಿತ್ತು. ಸದ್ದಿಲ್ಲದೆ ಬದಲಾಗುವ ಪರದೆಯಷ್ಟು ಅಪಾಯಕಾರಿಯಾದದ್ದನ್ನು ನಾನು ನಿಯಂತ್ರಣ ಕೋಣೆಯಲ್ಲಿ ಕಂಡಿಲ್ಲ.

ಸಿಬ್ಬಂದಿಯ ತಪ್ಪನ್ನು ಮುಚ್ಚಲು ಇದನ್ನೆಲ್ಲ ಬರೆಯುತ್ತಿಲ್ಲ. ಒತ್ತಡದಲ್ಲಿ ಮನುಷ್ಯ ತಾನು ನಿರೀಕ್ಷಿಸಿದ್ದನ್ನೇ ಕಾಣುತ್ತಾನೆ ಎಂದು ಅಮೆರಿಕದ ತನಿಖಾ ವರದಿಯೇ ಹೇಳಿತು. ಒತ್ತಡದಲ್ಲಿ ನಿರ್ಧಾರ ಕೈಗೊಳ್ಳುವ ಬಗೆಯನ್ನು ಅಧ್ಯಯನ ಮಾಡಲು ನೌಕಾಪಡೆ ಟ್ಯಾಡ್‌ಮಸ್ ಎಂಬ ದೊಡ್ಡ ಸಂಶೋಧನೆಯನ್ನೇ ಶುರುಮಾಡಿತು. ಮನುಷ್ಯನ ಸ್ವಭಾವ ಇಂಥದ್ದು ಎಂದು ಗೊತ್ತಿದ್ದ ಮೇಲೆ ಆ ಸ್ವಭಾವದ ಎದುರಿಗೆ ನಿಲ್ಲುವಂತೆ ಪರದೆ ಮಾಡಬೇಕು. ಮಾಡಿದ್ದು ಹಾಗೆ ನಿಲ್ಲುತ್ತದೆಯೋ ಇಲ್ಲವೋ ಎಂದು ಒರೆಗೆ ಹಚ್ಚಿಯೂ ನೋಡಬೇಕು. ಆ ಒರೆಗೆ ಹಚ್ಚುವ ಕೆಲಸವೇ ಎಲ್ಲ ಕಡೆಯೂ ಸೊರಗಿರುವುದು.

ಹೊಸ ಪರದೆಯನ್ನು ಒಪ್ಪಿಕೊಳ್ಳುವ ದಿನ ಏನಾಗುತ್ತದೆ ಗೊತ್ತೆ? ಎಲ್ಲಿ ಎಂದು ಹೇಳುವುದಿಲ್ಲ, ಆದರೆ ಹಲವು ಸಲ ನೋಡಿದ್ದೇನೆ. ಬೆಳಿಗ್ಗೆ, ಎಲ್ಲರೂ ನಿದ್ದೆ ಮಾಡಿ ಎದ್ದು ಬಂದಿರುತ್ತಾರೆ. ದೊಡ್ಡ ಅಧಿಕಾರಿಗಳು ಹಿಂದೆ ನಿಂತಿರುತ್ತಾರೆ. ತಯಾರಕರ ಕಡೆಯ ಹುಡುಗ ತಾನೇ ಕನ್ಸೋಲ್‌ನಲ್ಲಿ ಕೂತು ತಾನೇ ಬರೆದ ಸನ್ನಿವೇಶ ಓಡಿಸುತ್ತಾನೆ. ಶತ್ರು ಕೆಂಪು, ನಮ್ಮವರು ನೀಲಿ, ನಡುವೆ ಯಾರೂ ಇಲ್ಲ. ಶತ್ರು ಬರುತ್ತಾನೆ, ಗುರುತು ಸಿಗುತ್ತಾನೆ, ಸಾಯುತ್ತಾನೆ. ಚಪ್ಪಾಳೆ. ಆಮೇಲೆ ಒಂದು ಪಟ್ಟಿ ಹಂಚುತ್ತಾರೆ: ಪರದೆ ನಿಮಗೆ ಇಷ್ಟವಾಯಿತೆ, ಒಂದರಿಂದ ಐದರವರೆಗೆ ಅಂಕ ಕೊಡಿ. ಎಲ್ಲರೂ ನಾಲ್ಕೋ ಐದೋ ಹಾಕುತ್ತಾರೆ, ಹಿಂದೆ ಸಾಹೇಬರು ನಿಂತಿದ್ದಾರಲ್ಲ.

ಆ ಸನ್ನಿವೇಶದಲ್ಲಿ ದಾರಿ ತಪ್ಪಿದ ಪ್ರಯಾಣಿಕ ವಿಮಾನವಿಲ್ಲ. ಗುರುತಿನ ಯಂತ್ರ ಕೆಟ್ಟ ನಮ್ಮದೇ ವಿಮಾನವಿಲ್ಲ. ಒಂದೇ ವಿಮಾನಕ್ಕೆ ಎರಡು ಸಂಖ್ಯೆ ಬೀಳುವುದಿಲ್ಲ, ರೇಡಿಯೊ ಕೆಡುವುದಿಲ್ಲ. ಪರೀಕ್ಷೆ ಎಂದಮೇಲೆ ಪರದೆಯನ್ನು ಬೀಳಿಸಲು ನೋಡಬೇಕು, ಇಲ್ಲಿ ನಡೆಯುವುದು ಮೆರವಣಿಗೆ.

ಸರಿಯಾದ ವಿಧಾನಗಳು ಇಲ್ಲವೆಂದಲ್ಲ. ಮಿಕಾ ಎಂಡ್ಸ್ಲಿ ಎಂಬ ವಿಜ್ಞಾನಿ 1980ರ ದಶಕದಲ್ಲೇ ಒಂದು ಸರಳ ಉಪಾಯ ಕೊಟ್ಟರು (ಅವರು ಮುಂದೆ ಅಮೆರಿಕದ ವಾಯುಪಡೆಯ ಮುಖ್ಯ ವಿಜ್ಞಾನಿಯೂ ಆದರು). ಸಗಾಟ್ ಎಂದು ಅದರ ಹೆಸರು. ಕೃತಕ ಸನ್ನಿವೇಶ ಓಡುತ್ತಿರುವಾಗ, ಆಪರೇಟರ್ ನಿರೀಕ್ಷಿಸದ ಕ್ಷಣದಲ್ಲಿ, ಎಲ್ಲವನ್ನೂ ನಿಲ್ಲಿಸಿ ಪರದೆ ಖಾಲಿ ಮಾಡುವುದು. ಆಮೇಲೆ ಕೇಳುವುದು: ಈಗ ನಿಮ್ಮ ವಲಯದಲ್ಲಿ ಏನೇನಿತ್ತು? ಅದರ ಅರ್ಥ ಏನು? ಮುಂದಿನ ಒಂದೆರಡು ನಿಮಿಷದಲ್ಲಿ ಯಾವುದು ಎಲ್ಲಿಗೆ ಹೋಗುತ್ತದೆ? ಕಂಡದ್ದು, ಅರ್ಥವಾದದ್ದು, ಮುಂದಾಗುವುದನ್ನು ಊಹಿಸಿದ್ದು ಮೂರೂ ಬೇರೆಬೇರೆ. ಮೊದಲನೆಯದರಲ್ಲಿ ಪೂರ್ತಿ ಅಂಕ ತೆಗೆದವರು ಮೂರನೆಯದರಲ್ಲಿ ತಡವರಿಸುವುದನ್ನು ನೋಡಿದ್ದೇನೆ.

ಇದನ್ನು ನಾವು ಒಮ್ಮೆ ಹಳೆಯ ಪರದೆ, ಹೊಸ ಪರದೆ ಎರಡರ ಮೇಲೂ ಮಾಡಿದೆವು. ಹೊಸದು ಚಂದವಿತ್ತು, ಮೂರು ಆಯಾಮದ ನೋಟ, ಮೋಡಗಳು ಕೂಡ ಇದ್ದವು. ಆಪರೇಟರುಗಳಿಗೆ ಅದೇ ಇಷ್ಟ, ಅಂಕಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಪರದೆ ಖಾಲಿ ಮಾಡಿ ಕೇಳಿದಾಗ ಮಾತ್ರ ಹೊಸ ಪರದೆಯ ಮುಂದೆ ಕೂತವರೇ ಎತ್ತರದ ವಿಷಯದಲ್ಲಿ ಹೆಚ್ಚು ತಪ್ಪಿದರು. ಓರೆಯಾಗಿ ನೋಡಿದ ಚಿತ್ರದಲ್ಲಿ ದೂರ ಯಾವುದು, ಎತ್ತರ ಯಾವುದು ಎಂದು ಕಣ್ಣಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. ತಪ್ಪಿದವರಲ್ಲಿ ಒಬ್ಬರು ಉತ್ತರ ತೋರಿಸಿದ ಮೇಲೂ ‘ನಾನು ನೋಡಿದೆನಲ್ಲ, ಕೆಳಗೇ ಇತ್ತು’ ಎಂದು ವಾದಿಸಿದರು. ಇಷ್ಟವಾಗುವುದಕ್ಕೂ ಸರಿಯಾಗಿ ತಿಳಿಸುವುದಕ್ಕೂ ಇರುವ ದೂರ ಆ ಮಧ್ಯಾಹ್ನ ನನಗೆ ಕಂಡಿತು. ಆ ವರದಿ ಮುಂದೆ ಏನಾಯಿತು ಎಂದು ಕೇಳಬೇಡಿ.

ಶ್ರಮ ಅಳೆಯಲೂ ದಾರಿಗಳಿವೆ. ನಾಸಾದಲ್ಲಿ ರೂಪುಗೊಂಡು 1988ರಲ್ಲಿ ಪ್ರಕಟವಾದ ಟಿಎಲ್‌ಎಕ್ಸ್ ಎಂಬ ಪ್ರಶ್ನಾವಳಿ ಕೆಲಸದ ಹೊರೆಯನ್ನು ಆರು ಬಗೆಯಲ್ಲಿ ಕೇಳುತ್ತದೆ, ಹತಾಶೆಯೂ ಅದರಲ್ಲೊಂದು. ಸುಲಭ, ಅಗ್ಗ, ಎಲ್ಲರೂ ಬಳಸುತ್ತಾರೆ. ನನ್ನ ತಕರಾರು ಅದನ್ನು ಯಾವಾಗ ಬಳಸುತ್ತಾರೆ ಎಂಬುದರ ಬಗ್ಗೆ. ಶಿಫ್ಟಿನ ಕೊನೆಯ ಗಂಟೆಯಲ್ಲಿ ಕೊಟ್ಟರೆ ಒಂದು ಉತ್ತರ, ತಿಂಡಿ ತಿಂದು ಬಂದ ಮೇಲೆ ಕೊಟ್ಟರೆ ಇನ್ನೊಂದು.

ಯುದ್ಧಕೋಣೆ ಎಂದರೆ ಸದಾ ಗಡಿಬಿಡಿ ಎಂದು ಸಿನಿಮಾ ನೋಡಿದವರು ಅಂದುಕೊಳ್ಳುತ್ತಾರೆ. ಅಲ್ಲಿ ಇರುವುದು ಬೇಸರ. ರಾತ್ರಿ ಮೂರರ ಹೊತ್ತು, ಏನೂ ಆಗುವುದಿಲ್ಲ, ನಾಳೆಯೂ ಏನೂ ಆಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕುವ ರಡಾರ್ ಆಪರೇಟರುಗಳು ಕಣ್ಣೆದುರಿನ ಸಂಕೇತವನ್ನೇ ಏಕೆ ತಪ್ಪಿಸಿಕೊಳ್ಳುತ್ತಾರೆ ಎಂದು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷಿಸಿದರು. ಸೆಕೆಂಡಿಗೊಮ್ಮೆ ಹಾರುವ ಒಂದು ಮುಳ್ಳು, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ, ಅದನ್ನು ಗುರುತಿಸಬೇಕು, ಅಷ್ಟೇ. 1948ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಗುರುತಿಸುವ ಶಕ್ತಿ ಕುಸಿಯುತ್ತದೆ. ಹೊಸ ಪರದೆಯನ್ನು ಹತ್ತು ನಿಮಿಷ ಓಡಿಸಿ ಒಪ್ಪಿಕೊಳ್ಳುವವರು ಈ ಅರ್ಧ ಗಂಟೆಯ ಹತ್ತಿರಕ್ಕೂ ಬರುವುದಿಲ್ಲ. ನನ್ನ ಕೈಯಲ್ಲಿ ಅಧಿಕಾರವಿದ್ದಿದ್ದರೆ ಪ್ರತಿ ಪರೀಕ್ಷೆಯಲ್ಲೂ ಗಂಟೆಗಟ್ಟಲೆ ಹೊತ್ತು ಏನೂ ನಡೆಯದಂತೆ ಮಾಡಿ, ಆಪರೇಟರ್ ಆಕಳಿಸಲು ಶುರುಮಾಡಿದ ಮೇಲೆ ನಿಜವಾದ ಘಟನೆಯನ್ನು ಬಿಡುತ್ತಿದ್ದೆ.

ದೊಡ್ಡ ಕೋಣೆ, ದೊಡ್ಡ ಗೋಡೆ ಬೇಕೆಂದೂ ಇಲ್ಲ. 2001ರ ಡಿಸೆಂಬರ್‌ನಲ್ಲಿ ಆಫ್ಘಾನಿಸ್ತಾನದ ಕಂದಹಾರ್‌ನ ಉತ್ತರಕ್ಕೆ ಒಬ್ಬ ಅಮೆರಿಕನ್ ಸೈನಿಕ ಅಂಗೈಯಗಲದ ಜಿಪಿಎಸ್ ಯಂತ್ರದಲ್ಲಿ ಶತ್ರುವಿನ ಸ್ಥಾನವನ್ನು ಗುರುತಿಸಿಕೊಂಡ. ಬ್ಯಾಟರಿ ಮುಗಿಯಿತು, ಬದಲಾಯಿಸಿದ. ಬ್ಯಾಟರಿ ಬದಲಾದರೆ ಆ ಯಂತ್ರ ತಾನಿರುವ ಜಾಗವನ್ನೇ ತೋರಿಸುತ್ತಿತ್ತು. ಅದೇ ಅಂಕಿಗಳು ವಿಮಾನಕ್ಕೆ ಹೋದವು, ಬಾಂಬು ಅವರ ಮೇಲೇ ಬಿತ್ತು. ಮೂವರು ಅಮೆರಿಕನ್ ಸೈನಿಕರು, ಜೊತೆಗಿದ್ದ ಆಫ್ಘನ್ನರು ಸತ್ತರು. ಯಂತ್ರ ತನ್ನ ಕೈಪಿಡಿಯಲ್ಲಿ ಬರೆದಂತೆಯೇ ನಡೆದುಕೊಂಡಿತ್ತು. ‘ಇದು ನೀವಿರುವ ಜಾಗ’ ಎಂದು ಒಂದು ಸಾಲು ಪರದೆಯ ಮೇಲೆ ಬಂದಿದ್ದರೆ ಸಾಕಿತ್ತು.

ಟಚ್‌ಸ್ಕ್ರೀನ್ ಬಗ್ಗೆ ನಿಮ್ಮ ಬರಹದಲ್ಲಿ ಬಹಳ ಹೊಗಳಿಕೆ ಇತ್ತು. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲ ಹಡಗಿಗೆ ಡಿಕ್ಕಿ ಹೊಡೆದು 10 ನಾವಿಕರು ಸತ್ತರು. ಚುಕ್ಕಾಣಿ ಹಿಡಿದವನಿಗೆ ಕೆಲಸ ಹೆಚ್ಚಾಯಿತೆಂದು ವೇಗದ ನಿಯಂತ್ರಣವನ್ನು ಟಚ್‌ಸ್ಕ್ರೀನ್ ಮೂಲಕ ಪಕ್ಕದ ಕನ್ಸೋಲ್‌ಗೆ ಕೊಡಲು ಹೋದರು, ಅದರ ಜೊತೆಗೆ ಚುಕ್ಕಾಣಿಯೂ ಅತ್ತ ಹೋಯಿತು. ಇತ್ತ ಕೂತವನು ಚುಕ್ಕಾಣಿಯೇ ಕೆಟ್ಟಿದೆ ಎಂದು ವರದಿ ಮಾಡಿದ. ಎರಡು ಎಂಜಿನ್‌ಗಳ ವೇಗವೂ ಪರದೆಯಲ್ಲಿ ಬೇರೆಬೇರೆಯಾಗಿದ್ದವು, ಒಂದನ್ನು ಇಳಿಸಿದಾಗ ಇನ್ನೊಂದು ಇಳಿಯಲಿಲ್ಲ, ಹಡಗು ತಿರುಗಿತು. ತರಬೇತಿಯ ಕೊರತೆಯನ್ನೂ ತನಿಖೆ ಎತ್ತಿ ತೋರಿಸಿತು, ಅದು ನಿಜ. ಆದರೆ 2019ರಲ್ಲಿ ಆ ನೌಕಾಪಡೆ ವೇಗಕ್ಕೆ ಮತ್ತೆ ಕೈಯಿಂದ ಹಿಡಿಯುವ ಸನ್ನೆಕೋಲುಗಳನ್ನೇ ತರುವುದಾಗಿ ಹೇಳಿತು. ಎರಡು ಸನ್ನೆಕೋಲುಗಳು ಜೊತೆಯಾಗಿವೆಯೋ ಇಲ್ಲವೋ ಎಂದು ಕತ್ತಲಲ್ಲೂ ಅಂಗೈಗೆ ತಿಳಿಯುತ್ತದೆ. ಗಾಜಿಗೆ ಆ ಗುಣವಿಲ್ಲ.

‘ಖಚಿತವೆ?’ ಎಂದು ಕೇಳುವ ಪೆಟ್ಟಿಗೆಯೊಂದು ಎದ್ದು ಬಂದರೆ ತಪ್ಪು ತಡೆಯುತ್ತದೆ ಎಂಬ ನಂಬಿಕೆಗೂ ಎರಡು ಮಾತು. 2018ರ ಜನವರಿ 13ರಂದು ಹವಾಯಿಯ ಜನರ ಫೋನುಗಳಿಗೆಲ್ಲ ಕ್ಷಿಪಣಿ ದಾಳಿಯ ಸುಳ್ಳು ಎಚ್ಚರಿಕೆ ಹೋಯಿತು, ತಪ್ಪೆಂದು ತಿದ್ದಿದ ಸಂದೇಶ ಹೋಗಲು 38 ನಿಮಿಷ ಬೇಕಾಯಿತು. ಯಾರೋ ತಪ್ಪು ಗುಂಡಿ ಒತ್ತಿದರು ಎಂದು ಮೊದಲು ಸುದ್ದಿಯಾಯಿತು. ಎಚ್ಚರಿಕೆ ಕಳಿಸಿದವರು ಅಣಕು ಕಾರ್ಯಾಚರಣೆಯನ್ನು ನಿಜವೆಂದೇ ನಂಬಿದ್ದರು ಎಂದು ಆಮೇಲೆ ತನಿಖೆ ಹೇಳಿತು. ಖಚಿತವೆ ಎಂದು ಪರದೆ ಕೇಳಿತ್ತು, ಖಚಿತ ಎಂದೇ ಅವರು ಒತ್ತಿದ್ದರು. ಅಣಕಿಗೂ ನಿಜಕ್ಕೂ ಪರದೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ದಿನಕ್ಕೆ ನೂರು ಸಲ ‘ಹೌದು’ ಒತ್ತುವ ಬೆರಳು ನೂರೊಂದನೇ ಸಲ ನಿಂತು ಯೋಚಿಸುವುದಿಲ್ಲ.

ಈಗ ಎಲ್ಲರ ಬಾಯಲ್ಲಿರುವುದು ಸಲಹೆ ಕೊಡುವ ಯಂತ್ರ. ಕಂಪ್ಯೂಟರೇ ಗುರುತಿಸುತ್ತದೆ, ಮನುಷ್ಯ ಒಪ್ಪಿಗೆ ಒತ್ತಿದರಾಯಿತು ಎನ್ನುತ್ತಾರೆ. ಇದು ಹೊಸದಲ್ಲ. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ಮೊದಲ ದಿನಗಳಲ್ಲೇ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಬ್ರಿಟನ್ನಿನ ಟಾರ್ನಡೊ ವಿಮಾನವನ್ನು ಶತ್ರುವಿನ ಕ್ಷಿಪಣಿ ಎಂದು ವರ್ಗೀಕರಿಸಿತು. ವಿಮಾನದಿಂದ ಸ್ನೇಹಿತನೆಂಬ ಸಂಕೇತ ಸಿಕ್ಕಿರಲಿಲ್ಲ. ಸಿಬ್ಬಂದಿ ಯಂತ್ರದ ಮಾತು ನಂಬಿದರು, ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಕೆಲವೇ ದಿನಗಳಲ್ಲಿ ಅಮೆರಿಕದ್ದೇ ಎಫ್-18 ವಿಮಾನವೂ ಇದೇ ವ್ಯವಸ್ಥೆಗೆ ಬಲಿಯಾಯಿತು. ಒಪ್ಪಿಗೆ ಕೊಡುವವನ ಮುಂದೆ ಯಂತ್ರದ ತೀರ್ಮಾನ ಮಾತ್ರ ಇದ್ದು ಅದರ ಕಾರಣ ಇಲ್ಲದಿದ್ದರೆ, ಕ್ಷಣಾರ್ಧದಲ್ಲಿ ಅವನು ಏನು ತಾನೆ ಮಾಡಿಯಾನು?

1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಎಂದು ಉಪಗ್ರಹದ ವ್ಯವಸ್ಥೆ ಹೇಳಿತು, ಅವರು ಒಪ್ಪಲಿಲ್ಲ. ಅಣುಯುದ್ಧ ಶುರುಮಾಡುವವರು ಐದೇ ಕ್ಷಿಪಣಿ ಬಿಡುವುದಿಲ್ಲ ಎಂಬುದು ಅವರ ಲೆಕ್ಕ, ನೆಲದ ರಡಾರ್‌ನಲ್ಲೂ ಏನೂ ಕಾಣಲಿಲ್ಲ. ಎತ್ತರದ ಮೋಡಗಳ ಮೇಲಿನ ಬಿಸಿಲ ಪ್ರತಿಫಲನವನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದುಕೊಂಡಿತ್ತು. ಎಲ್ಲರೂ ಅವರ ಧೈರ್ಯವನ್ನು ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಪೆಟ್ರೋವ್ ಅಂಥವರು ಆ ರಾತ್ರಿ ಕುರ್ಚಿಯಲ್ಲಿದ್ದದ್ದು ಅದೃಷ್ಟ. ಪರದೆಯನ್ನು ಅದೃಷ್ಟದ ಲೆಕ್ಕದಲ್ಲಿ ಕಟ್ಟಲು ಬರುವುದಿಲ್ಲ. ಈ ಸುದ್ದಿ ಎಲ್ಲಿಂದ ಬಂತು, ಎಷ್ಟು ಸೆಕೆಂಡು ಹಳೆಯದು, ಬೇರೆ ಯಾವ ಸಾಧನ ಇದನ್ನು ಕಂಡಿದೆ, ಯಾವುದು ಕಂಡಿಲ್ಲ ಎಂಬುದು ಕೇಳದೆಯೇ ಕಾಣುತ್ತಿರಬೇಕು. ಗೊತ್ತಿಲ್ಲದ ವಿಮಾನವನ್ನು ಗೊತ್ತಿಲ್ಲ ಎಂದೇ ಉಳಿಸಿಕೊಳ್ಳಲು ಆಪರೇಟರ್‌ಗೆ ಅವಕಾಶ ಇರಬೇಕು. ಸೇನಾ ಸಂಕೇತಗಳಲ್ಲಿ ಅದಕ್ಕೆಂದೇ ಹಳದಿ ಬಣ್ಣ, ಬೇರೆಯದೇ ಆಕಾರ ಇದೆ. ಆಕಾರವೂ ಇರುವುದು ಒಳ್ಳೆಯದೇ, ಕೆಂಪು ದೀಪದ ಕೋಣೆಯಲ್ಲಿ ಕೆಂಪು ಗೆರೆ ಕಣ್ಣಿಗೇ ಬೀಳುವುದಿಲ್ಲ. ಹೀಗಿದ್ದೂ ‘ಬೇಗ ನಿರ್ಧರಿಸಿ’ ಎಂದು ಮಿನುಗುವ ಗಡಿಯಾರವನ್ನು ಪಕ್ಕದಲ್ಲಿ ಇಟ್ಟ ಪರದೆಯೊಂದನ್ನು ನಾನು ನೋಡಿದ್ದೇನೆ.

ನಿಮ್ಮ ವರದಿಗಾರರು ಮುಂದೆ ಇಂಥ ಕೋಣೆಗೆ ಹೋದರೆ ಕೆಲವು ಪ್ರಶ್ನೆ ಕೇಳಲಿ ಎಂಬುದು ನನ್ನ ಕೋರಿಕೆ. ರಹಸ್ಯ ಹೊರಬೀಳುವಂಥದ್ದು ಅವುಗಳಲ್ಲಿ ಏನೂ ಇಲ್ಲ. ಪರೀಕ್ಷೆಯಲ್ಲಿ ಕನ್ಸೋಲ್‌ನಲ್ಲಿ ಕೂತವರು ಯಾರು, ತಯಾರಕರ ಹುಡುಗರೋ ರಾತ್ರಿ ಪಾಳಿಯ ಆಪರೇಟರುಗಳೋ? ಸನ್ನಿವೇಶ ಬರೆದವರೂ ಪರದೆ ಬರೆದವರೂ ಒಬ್ಬರೇನಾ? ನಿರಪರಾಧಿ ವಿಮಾನಗಳು ಆ ಸನ್ನಿವೇಶದಲ್ಲಿದ್ದವೆ, ಅವುಗಳಲ್ಲಿ ಎಷ್ಟನ್ನು ಹೊಡೆದರು? ಪರೀಕ್ಷೆಯ ನಂತರ ಪರದೆಯಲ್ಲಿ ಏನನ್ನು ಬದಲಾಯಿಸಿದರು? ಏನನ್ನೂ ಬದಲಾಯಿಸಲಿಲ್ಲ ಎಂಬ ಉತ್ತರ ಬಂದರೆ ಪರೀಕ್ಷೆ ನಡೆದಿಲ್ಲವೆಂದೇ ತಿಳಿಯಬಹುದು.

ಸಲಹೆ ಕೊಡುವ ಯಂತ್ರವೂ ಅಲ್ಲಿದ್ದರೆ ಇನ್ನೂ ಒಂದು ಪ್ರಶ್ನೆ. ಬೇಕೆಂದೇ ಅದರ ಬಾಯಿಂದ ತಪ್ಪು ಸಲಹೆ ಹೇಳಿಸಿ ನೋಡಿದ್ದೀರಾ, ಹೇಳಿಸಿದ್ದರೆ ಆಪರೇಟರುಗಳಲ್ಲಿ ಎಷ್ಟು ಮಂದಿ ‘ಇಲ್ಲ’ ಎಂದರು, ಹಾಗೆನ್ನಲು ಅವರು ಎಷ್ಟು ಗುಂಡಿ ಒತ್ತಬೇಕಾಯಿತು? ನಾನು ಕಡೆಯದಾಗಿ ನೋಡಿದ ಪರದೆಯಲ್ಲಿ ‘ಹೌದು’ ಎನ್ನಲು ಒಂದೇ ಗುಂಡಿ ಇತ್ತು, ದೊಡ್ಡದು, ಹಸಿರು. ‘ಇಲ್ಲ’ ಎನ್ನಲು ಮೆನು ತೆರೆದು ಕಾರಣ ಟೈಪು ಮಾಡಬೇಕಿತ್ತು.

— ಒಬ್ಬ ನಿವೃತ್ತ ರಡಾರ್ ಆಪರೇಟರ್
(ಹೆಸರು ಪ್ರಕಟಿಸಬಾರದಾಗಿ ವಿನಂತಿ)